ಬ್ಯಾಟರಿ ಕೋಣೆಯ ಹಲಗೆ

ಹೋದ ವಾರ ಮುಂಡಗೋಡದ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇದ್ದಕ್ಕಿದ್ದಂತೆ ನೀಲಗಿರಿ ಎಣ್ಣೆಯ ವಾಸನೆ ಬಂತು. ಸನವಳ್ಳಿಯಿಂದ ಬರುವ ಹುಡುಗಿಯೊಬ್ಬಳಿಗೆ ನೆಗಡಿಯಾಗಿತ್ತು. ಅವಳವ್ವ ಕರವಸ್ತ್ರಕ್ಕೆ ನಾಲ್ಕು ಹನಿ ಹೆಚ್ಚೇ ಹಾಕಿ ಕಳಿಸಿದ್ದಳು ಅಂತ ಕಾಣುತ್ತದೆ. ಮಳೆಗೆ ಕಿಟಕಿ ಮುಚ್ಚಿದ್ದೆವು, ಮಷೀನುಗಳು ಬಿಸಿಯಾಗಿದ್ದವು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಾಠ ನಿಲ್ಲಿಸಿ ಬಾಗಿಲ ಕಡೆ ತಿರುಗಿ ನೋಡಿದೆ. ನಮ್ಮ ಅಕ್ಕೋರು ಬಂದು ನಿಂತಿದ್ದಾರೆ ಅಂತಲೇ ಅನಿಸಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಆ ಹುಡುಗಿ ಕೈ ಎತ್ತಿದಳು. "ಮೇಡಂ, ಇದು ಸುಳ್ಳ ಹೇಳಾಕತ್ತೈತ್ರಿ. ಒಳಗ ಟ್ರೂ ಅಂತೈತಿ, ಹೊರಗ ಬಂದ ಮ್ಯಾಲೆ ಫಾಲ್ಸ್ ಅಂತೈತಿ," ಅಂದಳು. ಹೋಗಿ ಅವಳ ಪರದೆ ನೋಡಿದೆ. ಒಂದು ಫಂಕ್ಷನ್ನಿನ, ಅಂದರೆ ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಂಡಿನ, ಹೊಟ್ಟೆಯಲ್ಲಿ ಇನ್ನೊಂದು ಫಂಕ್ಷನ್, ಎರಡರಲ್ಲೂ ಒಂದೇ ಹೆಸರಿನ ವೇರಿಯೇಬಲ್. ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ಆ ತಪ್ಪು ನನ್ನದೇ ತಪ್ಪಾಗಿತ್ತು, ಆರು ವರ್ಷದ ಹಿಂದಿನದು. ಅವಳಿಗೆ ನಾಳೆ ಹೇಳುತ್ತೇನೆ ಅಂದೆ. ಆ ದಿನ ನನ್ನಿಂದ ಆಗುತ್ತಿರಲಿಲ್ಲ.

ಅಕ್ಕೋರು ಅಂದರೆ ಹಳಿಯಾಳದಲ್ಲಿ ನಾನು ಡಿಗ್ರಿ ಓದುವಾಗ ಕಂಪ್ಯೂಟರ್ ಕಲಿಸಿದವರು. ಬಾಡಿಗೆ ಕಟ್ಟಡದಲ್ಲಿದ್ದ ಸಣ್ಣ ಖಾಸಗಿ ಕಾಲೇಜು ಅದು, ಈಗ ಮುಚ್ಚಿಹೋಗಿದೆ. ಉಳಿದ ಕಲಿಸುವ ಹೆಂಗಸರಿಗೆಲ್ಲ ನಾವು ಮೇಡಂ ಅಂತಲೇ ಅನ್ನುತ್ತಿದ್ದೆವು. ಇವರು ಮೊದಲು ಕೆಲವು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿ ಬಂದವರು, ಅಲ್ಲಿ ಟೀಚರನ್ನು ಅಕ್ಕೋರು ಅಂತಲೇ ಕರೆಯುವುದು. ಮೇಡಂ ಅಂತ ಕರೆದರೆ ಬೇರೆ ಯಾರೋ ಬಂದಿದ್ದಾರೆ ಅಂತ ಹಿಂದೆ ತಿರುಗಿ ನೋಡುತ್ತಿದ್ದರು. ಹಾಗಾಗಿ ಮೀಸೆ ಬಂದ ಹುಡುಗರು ಕೂಡ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಿದ್ದರು. ಮೊದಲ ಮಳೆ ಬಿದ್ದರೆ ಸಾಕು, ದೀಪಾವಳಿಯವರೆಗೆ ಅವರಿಗೆ ಮೂಗು ಕಟ್ಟುತ್ತಿತ್ತು. ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರ ಸೊಂಟದಲ್ಲಿ ಸಿಕ್ಕಿಸಿರುತ್ತಿದ್ದರು. ಹುಡುಗರು "ಲ್ಯಾಬಿಗೆ ನೆಗಡಿ ಆಗೇತಿ" ಅಂತ ಚಾಷ್ಟಿ ಮಾಡುತ್ತಿದ್ದರು. ಅವರಿಗೂ ಅದು ಕೇಳಿಸುತ್ತಿತ್ತು, ನಗುತ್ತಿದ್ದರು.

ಅವರದೂ ನಮ್ಮದೂ ದಾಂಡೇಲಿ. ನಮ್ಮಪ್ಪ ಕಲಘಟಗಿ ಕಡೆಯ ಹಳ್ಳಿಯಿಂದ ಮಿಲ್ಲಿನ ಕೆಲಸಕ್ಕೆ ಬಂದವನು. ಅವರ ಅಕ್ಕನ ಗಂಡನೂ ಹಾಗೆಯೇ ಬೆಳಗಾವಿ ಕಡೆಯಿಂದ ಬಂದವರು. ಅಕ್ಕೋರು ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲೇ ಇರುತ್ತಿದ್ದರು. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಇಬ್ಬರೂ ಹಳಿಯಾಳಕ್ಕೆ ಹೋಗುತ್ತಿದ್ದೆವು. ನಾನು ಯಾವಾಗಲೂ ಓಡಿ ಬಂದು ಹತ್ತುವವಳು. ಅವರು ಪಕ್ಕದ ಸೀಟಿನ ಮೇಲೆ ಕೊಡೆ ಇಟ್ಟು ನನಗಾಗಿ ಜಾಗ ಹಿಡಿದಿರುತ್ತಿದ್ದರು. ಆ ಕೊಡೆಯ ಸಲುವಾಗಿ ಅವರು ಎಷ್ಟು ಮಂದಿಯ ಹತ್ತಿರ ಮಾತು ಕೇಳಿದ್ದಾರೋ...

ಕಲಿಸುವಾಗ ಅವರದೊಂದು ರೀತಿ ಇತ್ತು. ಯಾರ ಕೀಲಿಮಣೆಯನ್ನೂ ಮುಟ್ಟುತ್ತಿರಲಿಲ್ಲ. ಪ್ರೋಗ್ರಾಮ್ ಓಡದಿದ್ದರೆ ನಾವು ಕರೆಯುತ್ತಿದ್ದೆವು. ಅವರು ಬಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪರದೆ ನೋಡುತ್ತಿದ್ದರು. ಆಮೇಲೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತುಬಿಡುತ್ತಿದ್ದರು. "ನಿನ್ನ ತಪ್ಪು ನೀನ ಹುಡುಕವಾ. ನಾ ಇಲ್ಲೇ ಕುಂತಿರ್ತೇನಿ." ಇಷ್ಟೇ ಅವರ ಮಾತು. ಒಬ್ಬ ಹುಡುಗ ಸಾಲಿನ ಕೊನೆಗೆ ಎರಡು ಚುಕ್ಕಿ ಹಾಕುವುದನ್ನು ಮರೆತಿದ್ದ. ಅವನು ಅದನ್ನು ಹುಡುಕುವ ತನಕ ಕೂತು ಸಂಜೆಯ ಬಸ್ ತಪ್ಪಿಸಿಕೊಂಡಿದ್ದರು. ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ತಪ್ಪು ಅವರಿಗೆ ಕಂಡಿದೆ ಅಂತ ಗೊತ್ತಿದ್ದೂ ನಾವು ತಿಣುಕಬೇಕಾಗುತ್ತಿತ್ತಲ್ಲ.

ಅವರು ಮಾಡಿದ ಇನ್ನೊಂದು ಏರ್ಪಾಡು ಬಸ್ಸಿನ ಚೀಟಿಯದು. ಕಾಲೇಜಿಗೆ ಜೋಯಿಡಾದ ಒಳಊರುಗಳಿಂದ ಬರುವ ಮಕ್ಕಳಿದ್ದರು. ಮಳೆಗಾಲದಲ್ಲಿ ಮರ ಬಿದ್ದರೆ, ಹಳ್ಳ ಏರಿದರೆ ಅವರ ಊರಿಗೆ ಬಸ್ ಹೋಗುವುದಿಲ್ಲ. ಪರೀಕ್ಷೆಗೆ ಕೂರಲು ಮುಕ್ಕಾಲು ಪಾಲು ಹಾಜರಿ ಬೇಕು. ಬಸ್ ಬರದಿದ್ದರೆ ಮಕ್ಕಳ ತಪ್ಪೇನು ಅಂತ ಅಕ್ಕೋರು ಪ್ರಿನ್ಸಿಪಾಲರ ಕೋಣೆಗೆ ನಾಲ್ಕು ಸಲ ಹೋಗಿ ಜಗಳ ತೆಗೆದು ಒಪ್ಪಿಸಿದ್ದರು. ಬಸ್ ತಪ್ಪಿದ ಮಕ್ಕಳು ಮುಂದೆ ಬಂದ ದಿನ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಬೇಕು. ಅವರು ಹಳೇ ಕಾಗದದ ಹಿಂಬದಿಗೆ ಇಂಥ ದಿನ ಗಾಡಿ ಹೋಗಿಲ್ಲ ಅಂತ ಬರೆದು ಸಿಕ್ಕಾ ಒತ್ತಿ ಕೊಡುತ್ತಿದ್ದರು. ಅಕ್ಕೋರು ಆ ಚೀಟಿಯನ್ನು ಹಾಜರಿ ಪುಸ್ತಕಕ್ಕೆ ಟಾಚಣಿ ಚುಚ್ಚಿ ಇಡುತ್ತಿದ್ದರು. ಆ ದಿನ ಹಾಜರಿ ಅಂತ ಹಿಡಿಯಬೇಕು. ಸೆಮಿಸ್ಟರ್ ಕೊನೆಗೆ ಎರಡು ದಿನ ಕೂತು ಎಲ್ಲವನ್ನೂ ಕೈಯಲ್ಲೇ ಕೂಡಿಸುತ್ತಿದ್ದರು.

ಆ ಚೀಟಿಗಳಲ್ಲಿ ಅರ್ಧಕ್ಕರ್ಧ ಒಬ್ಬಳೇ ಹುಡುಗಿಯವು. ನನಗಿಂತ ಒಂದು ವರ್ಷ ಕೆಳಗಿನ ತರಗತಿ. ಜೋಯಿಡಾ ಕಾಡಿನೊಳಗಿನ ಒಂದು ಸಿದ್ದಿ ಕೇರಿಯಿಂದ ಬರುತ್ತಿದ್ದಳು, ಮನೆಯಲ್ಲಿ ಅಜ್ಜಿ ಒಬ್ಬಳೇ. ಮನೆಮಾತು ಕೊಂಕಣಿ, ಆದರೂ ನಮ್ಮೊಡನೆ ಕನ್ನಡವನ್ನು ನಮಗಿಂತ ಚೊಲೋ ಆಡುತ್ತಿದ್ದಳು. ಊರಿಗೆ ದಿನಕ್ಕೆ ಒಂದೇ ಬಸ್. ನಾನು ಕೊನೆಯ ವರ್ಷದಲ್ಲಿದ್ದಾಗ ಅವರ ದಾರಿಯ ಸೇತುವೆಯ ಪಕ್ಕದ ಮಣ್ಣು ಕೊಚ್ಚಿಹೋಗಿ ಮೂರು ವಾರ ಬಸ್ ನಿಂತುಹೋಯಿತು. ಬಸ್ ಶುರುವಾದ ದಿನ ಅವಳು ತಲೆಯಿಂದ ಕಾಲಿನವರೆಗೆ ನೆಂದು ಬಂದಿದ್ದಳು. ಕಂಟ್ರೋಲರ್ ಕೊಟ್ಟ ಚೀಟಿಗಳು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟೂ ನೆನೆಯದೆ ಇದ್ದವು. ತಮ್ಮೂರ ಸಾಲೆಗೆ ಮಾಸ್ತರರು ಬರುತ್ತಾರೆ, ಮಳೆ ಶುರುವಾದರೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆ, ನಾನಾದರೆ ಹೋಗುವುದಿಲ್ಲ, ಅಲ್ಲೇ ಟೀಚರ್ ಆಗುತ್ತೇನೆ ಅಂತ ಒಂದು ಸಲ ಊಟದ ಹೊತ್ತಿನಲ್ಲಿ ಹೇಳಿದ್ದಳು. ಡಿಗ್ರಿ ಆಗದೆ ಅದು ಆಗುವ ಮಾತಲ್ಲ ಅಂತ ಅವಳಿಗೆ ಗೊತ್ತಿತ್ತು.

ನನಗೆ ಆಗ ಬಹಳ ಧಿಮಾಕು. ಬಸ್ಸಿನಲ್ಲಿ ಫೋನ್ ನೋಡಿಕೊಂಡು ಕ್ಲಾಸಿನಲ್ಲಿ ಕಲಿಸಿದ್ದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಪೈಥಾನ್ ಭಾಷೆ ಕಲಿತಿದ್ದೆ. ಎರಡು ದಿನ ಕೈಯಲ್ಲಿ ಯಾಕೆ ಕೂಡಿಸುತ್ತೀರಿ ಅಕ್ಕೋರೆ, ನಾನೊಂದು ಪ್ರೋಗ್ರಾಮ್ ಬರೆದುಕೊಡುತ್ತೇನೆ, ಎರಡು ನಿಮಿಷದಲ್ಲಿ ಆಗುತ್ತದೆ ಅಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಡಬ್ಬಿಯ ರೊಟ್ಟಿಯಲ್ಲಿ ಮುಕ್ಕಾಲು ಪಾಲು ನನಗೇ ಕೊಟ್ಟರು.

ಬರೆದೆ. ಹೊರಗಿನ ಫಂಕ್ಷನ್ ಒಬ್ಬೊಬ್ಬ ವಿದ್ಯಾರ್ಥಿಯ ಹಾಜರಿ ಎಣಿಸಬೇಕು. ಅದರೊಳಗೆ ಇನ್ನೊಂದು ಸಣ್ಣ ಫಂಕ್ಷನ್, ಅದು ಈ ವಿದ್ಯಾರ್ಥಿಯ ಚೀಟಿಗಳಿವೆಯೇ ಅಂತ ನೋಡಬೇಕು. ಹೊರಗೆ "ಚೀಟಿ" ಅನ್ನುವ ಹೆಸರಿಗೆ ಮೊದಲು ಫಾಲ್ಸ್ ಅಂತ ಇಟ್ಟೆ, ಅಂದರೆ ಇಲ್ಲ ಅಂತ. ಒಳಗಿನ ಫಂಕ್ಷನ್ನಿನಲ್ಲಿ ಚೀಟಿ ಸಿಕ್ಕರೆ ಅದನ್ನು ಟ್ರೂ ಮಾಡು, ಅಂದರೆ ಹೌದು ಅಂತ. ಹೊರಗೆ ಬಂದ ಮೇಲೆ ಹೌದು ಅಂತ ಇದ್ದರೆ ಬಸ್ ತಪ್ಪಿದ ದಿನಗಳನ್ನು ಹಾಜರಿಗೆ ಸೇರಿಸು, ಇಲ್ಲದಿದ್ದರೆ ಬಿಡು. ಇಷ್ಟೇ ಇದ್ದದ್ದು.

ಅಕ್ಕೋರು ಬೆನ್ನ ಹಿಂದೆ ಕೈಕಟ್ಟಿ ನೋಡಿದರು. "ಇದನ್ನ ಒಳಗ ಯಾಕ ಬರದಿ? ಸಾದಾ ಬರದ್ರ ಆಗ್ತಿರ್ಲಿಲ್ಲೇನು?" ಅಂದರು. ಹೀಗೆ ಬರೆದರೆ ಚಂದ ಕಾಣುತ್ತದೆ ಅಂದೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ. ಸರಿಯಾಗಿದೆ ಅಂತ ತೋರಿಸಲು ಒಳಗಿನ ಫಂಕ್ಷನ್ನಿನಲ್ಲೇ ಒಂದು ಸಾಲು ಹಾಕಿ ಓಡಿಸಿದೆ. ಚೀಟಿ ಇದ್ದವರ ಹೆಸರಿನ ಮುಂದೆಲ್ಲ ಟ್ರೂ, ಟ್ರೂ ಅಂತ ಸಾಲಾಗಿ ಬಂತು. ಜೋಯಿಡಾದ ಆ ಹುಡುಗಿಯ ಹೆಸರಿನ ಮುಂದೂ ಬಂತು, ನನ್ನ ಕಣ್ಣಾರೆ ನೋಡಿದೆ. ಅಕ್ಕೋರು ಬೆನ್ನು ತಟ್ಟಿದರು. ಕಡೆಯಲ್ಲಿ ಬಂದ ಪಟ್ಟಿಯನ್ನು ಪುಸ್ತಕದೊಡನೆ ತಾಳೆ ನೋಡುವುದು ನನಗೂ ಹೊಳೆಯಲಿಲ್ಲ, ಆ ವಾರ ಜ್ವರದಲ್ಲಿ ಬಳಲುತ್ತಿದ್ದ ಅವರಿಗೂ ಹೊಳೆಯಲಿಲ್ಲ. ನನ್ನ ಮಾತಿನ ಮೇಲೆ ಭರವಸೆ ಇಟ್ಟು ಸಹಿ ಮಾಡಿ ಮನೆಗೆ ಹೋದರು.

ಹಾಜರಿ ಕಮ್ಮಿ ಬಿದ್ದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ನಾಲ್ಕೇ ಹೆಸರು. ಮೂರನೆಯದು ಅವಳದು. ಚೀಟಿ ತಂದ ಉಳಿದವರಿಗೆ ಚೀಟಿ ಇಲ್ಲದೆಯೂ ಹಾಜರಿ ಸಾಕಾಗಿತ್ತು. ಚೀಟಿಯಿಂದಲೇ ಪಾಸಾಗಬೇಕಾಗಿದ್ದವಳು ಅವಳೊಬ್ಬಳೇ, ಹಾಗಾಗಿ ಬೇರೆ ಯಾರಿಗೂ ಏನೂ ತಿಳಿಯಲಿಲ್ಲ. ಅಕ್ಕೋರು ರಜೆಯಲ್ಲಿದ್ದರು. ಅವಳು ಸೀದಾ ನನ್ನ ಹತ್ತಿರ ಬಂದಳು, ಪ್ರೋಗ್ರಾಮ್ ನನ್ನದು ಅಂತ ನಾನೇ ಹುಡುಗಿಯರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ.

"ಅಕ್ಕಾ, ನನ್ನ ಚೀಟಿ ಹಿಡದಾರೇನ್ರಿ?" ಅಂತ ಕೇಳಿದಳು.

"ಹಿಡದೈತಿ. ನಾನ ನೋಡೇನಿ, ಟ್ರೂ ಬಂದೈತಿ. ಕಂಪ್ಯೂಟರ್ ತಪ್ಪ ಮಾಡಂಗಿಲ್ಲ," ಅಂದೆ.

ಅವಳು ತಲೆಯಾಡಿಸಿದಳು. ಚೀಟಿ ಹಿಡಿದ ಮೇಲೂ ಕಮ್ಮಿ ಬಿದ್ದಿದೆ ಅಂತ ತಿಳಿದುಕೊಂಡಳು. ಹಾಗೆ ತಿಳಿಯದೆ ಅವಳು ಇನ್ನೇನು ಮಾಡಬೇಕಿತ್ತು? ಪುಸ್ತಕ ತೆಗೆದು ಎಣಿಸಿದ್ದರೆ ಹತ್ತು ನಿಮಿಷದ ಕೆಲಸ. ನಾನು ಗೆಳತಿಯರ ಜೊತೆ ಮಿರ್ಚಿ ತಿನ್ನಲು ಹೋದೆ. ಅವಳು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು. ಪರೀಕ್ಷೆಯ ಅರ್ಜಿ ತುಂಬುವ ಗಡುವು ಎರಡು ದಿನದಲ್ಲಿ ಮುಗಿದುಹೋಯಿತು.

ಅಕ್ಕೋರು ಗುಣವಾಗಿ ಬಂದವರು ಹಾಲ್‌ಟಿಕೆಟ್ ಕಟ್ಟಿನಲ್ಲಿ ಅವಳದು ಇಲ್ಲದ್ದನ್ನು ನೋಡಿದರು. ಪುಸ್ತಕ ತೆಗೆದು, ಚೀಟಿ ಬಿಚ್ಚಿ, ಬೆರಳಲ್ಲಿ ಎಣಿಸಿದರು. ಆಮೇಲೆ ನನ್ನನ್ನು ಕರೆದು ನನ್ನ ಪ್ರೋಗ್ರಾಮ್ ತೆರೆದರು. ಅವತ್ತು ಮೊದಲ ಸಲ ಅವರು ನನ್ನ ಕೀಲಿಮಣೆಯ ಮೇಲೆ ಕೈಯಿಟ್ಟರು. ಒಳಗಿನ ಫಂಕ್ಷನ್ ಮುಗಿದ ಜಾಗದಲ್ಲಿ, ಹೊರಗೆ, ಒಂದು ಸಾಲು ಸೇರಿಸಿ ಓಡಿಸಿದರು. ಒಳಗೆ ಟ್ರೂ ಅಂದದ್ದೇ ಹೊರಗೆ ಫಾಲ್ಸ್ ಅಂತ ಬಂತು. ಪ್ರತಿಯೊಬ್ಬರಿಗೂ ಹಾಗೇ ಬಂತು.

ಪೈಥಾನಿನ ರೀತಿಯೇ ಹಾಗೆ. ಒಳಗಿನ ಫಂಕ್ಷನ್ನಿನಲ್ಲಿ ಒಂದು ಹೆಸರಿಗೆ ಹೊಸ ಬೆಲೆ ಇಟ್ಟರೆ, ಅದೇ ಹೆಸರು ಹೊರಗೆ ಇದ್ದರೂ ಅದು ಮುಟ್ಟುವುದಿಲ್ಲ. ತನ್ನದೇ ಬೇರೆ ಒಂದನ್ನು ಒಳಗೆ ಹುಟ್ಟಿಸಿಕೊಳ್ಳುತ್ತದೆ, ಕೆಲಸ ಮುಗಿದೊಡನೆ ಅದು ಅಲ್ಲೇ ಅಳಿಯುತ್ತದೆ. ನಾನು ಹೇಳುತ್ತಿರುವುದು ಹೊರಗಿನ ಚೀಟಿಯನ್ನೇ ಅಂತ ತಿಳಿಸಬೇಕಾದರೆ ನಾನ್‌ಲೋಕಲ್ ಅಂತ ಒಂದು ಪದ ಬರೆಯಬೇಕು. ನಾನು ಬರೆದಿರಲಿಲ್ಲ. ತಪ್ಪಾಗಿದೆ ಅಂತ ಕಂಪ್ಯೂಟರ್ ಒಂದು ಮಾತೂ ಹೇಳಲಿಲ್ಲ, ಯಾಕೆಂದರೆ ಅದರ ಮಟ್ಟಿಗೆ ತಪ್ಪೇ ಆಗಿರಲಿಲ್ಲ.

ನಾನು ಅಳುತ್ತ ಕೂತೆ. ಅವರು ನೀಲಗಿರಿ ವಾಸನೆಯ ಕರವಸ್ತ್ರ ಕೊಟ್ಟರು, ಕಣ್ಣು ಇನ್ನಷ್ಟು ಉರಿಯಿತು. "ನೀ ಈಗ ಏನೂ ಮಾತಾಡಬ್ಯಾಡ. ಸಹಿ ನಂದೈತಿ," ಅಂದರು. ಆ "ಈಗ" ಅನ್ನುವುದನ್ನು ನಾನು ಬೇಕಂತಲೇ ಮರೆತೆ. ಅವರು ಒಂದು ದಿನಕ್ಕೆ ಹೇಳಿದ್ದನ್ನು ಆರು ವರ್ಷ ಪಾಲಿಸಿದೆ.

ಯೂನಿವರ್ಸಿಟಿಯವರು ದಿನ ಮುಗಿದಿದೆ ಅಂದುಬಿಟ್ಟರು. ಮುಂದಿನ ಸಲಕ್ಕಾದರೂ ಕೂರಿಸೋಣ ಅಂತ ಅಕ್ಕೋರು ಒಬ್ಬರೇ ಜೋಯಿಡಾಕ್ಕೆ ಹೋದರು. ಬಸ್ ಇಳಿದು ಎಷ್ಟೋ ದೂರ ನಡೆದಿದ್ದರು. ಮರುದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ಅವರ ಹಿಮ್ಮಡಿಯ ಮೇಲೆ ಉಂಬಳ ಕಚ್ಚಿದ ಗುರುತುಗಳಿದ್ದವು. ಮನೆಯಲ್ಲಿ ಅಜ್ಜಿ ಮಾತ್ರ ಇದ್ದಳಂತೆ. ಹುಡುಗಿ ಚಿಕ್ಕಮ್ಮನ ಜೊತೆ ಅನಮೋಡ ಘಟ್ಟ ದಾಟಿ ಗೋವಾಕ್ಕೆ ಗೇರುಬೀಜದ ಕೆಲಸಕ್ಕೆ ಹೋಗಿಬಿಟ್ಟಿದ್ದಳು. ಓದು ನಮ್ಮ ಹಣೆಯಲ್ಲಿ ಬರೆದಿಲ್ಲ ಅಂತ ಅಜ್ಜಿ ಹೇಳಿ, ಇವರಿಗೆ ಬೆಲ್ಲದ ಚಹಾ ಮಾಡಿಕೊಟ್ಟಳಂತೆ. ಅಕ್ಕೋರು ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಕಾಲೇಜಿನ ಕಮಿಟಿ ಅಕ್ಕೋರನ್ನು ವಿಚಾರಣೆಗೆ ಕರೆಯಿತು. ನಾನು ಆಫೀಸಿನ ಹೊರಗಿನ ಬಾಕಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಪ್ರೋಗ್ರಾಮ್ ಯಾರದು ಅಂತ ಪ್ರಿನ್ಸಿಪಾಲರು ಕೇಳಿದ್ದು ಕೇಳಿಸಿತು. "ನಂದ್ರಿ," ಅಂದರು ಅಕ್ಕೋರು. ಎದ್ದು ಮೂರು ಹೆಜ್ಜೆ ನಡೆದಿದ್ದರೆ ನಾನು ಒಳಗಿರುತ್ತಿದ್ದೆ. ನನ್ನ ರಿಸಲ್ಟ್ ತಡೆಹಿಡಿದರೆ ಏನು ಗತಿ, ಅಪ್ಪನಿಗೆ ಏನು ಹೇಳಲಿ ಅನ್ನುವ ಹೆದರಿಕೆ ಇತ್ತು. ಹೆದರಿಕೆ ಯಾರಿಗಾದರೂ ಆಗುವುದೇ, ಅದಕ್ಕೆ ನಾನು ಅಷ್ಟು ನಾಚುವುದಿಲ್ಲ. ಆದರೆ ಅವರು "ನಂದ್ರಿ" ಅಂದಾಗ ನನ್ನ ಎದೆ ಹಗುರಾಯಿತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವಿಚಾರಣೆ ಮುಗಿದ ಮೇಲಿನ ಸೋಮವಾರ ಅಕ್ಕೋರು ಲ್ಯಾಬಿನಲ್ಲಿ ಒಂದು ಪಾಠ ಮಾಡಿದರು. ಲ್ಯಾಬಿಗೆ ಹೊಂದಿಕೊಂಡು ಒಂದು ಸಣ್ಣ ಕೋಣೆ ಇತ್ತು, ಯುಪಿಎಸ್ ಬ್ಯಾಟರಿಗಳನ್ನು ಇಡುವ ಕೋಣೆ. ಅದರ ಗೋಡೆಗೆ ಹಳೆಯದೊಂದು ಕರಿಹಲಗೆ ಹಾಗೆಯೇ ಉಳಿದಿತ್ತು. ಅಕ್ಕೋರು ಲ್ಯಾಬಿನ ಹಲಗೆಯ ಮೇಲೆ "ಚೀಟಿ" ಅಂತ ಬರೆದು ಅದರ ಮುಂದೆ "ಇಲ್ಲ" ಅಂತ ಬರೆದರು. ನನ್ನ ಕೈಗೆ ಖಡು ಕೊಟ್ಟು, ಒಳಗೆ ಹೋಗಿ ಅಲ್ಲಿನ ಹಲಗೆಯ ಮೇಲೆ ಚೀಟಿ ಅಂತ ಬರೆದು ಮುಂದೆ ಹೌದು ಅಂತ ಬರೆ ಅಂದರು. ನಾನು ಹೋಗಿ ಬರೆದೆ.

ಹೊರಗೆ ಅವರು ಕೇಳುತ್ತಿದ್ದರು, ಈಗ ನಿಮ್ಮ ಮುಂದಿನ ಹಲಗೆಯ ಮೇಲೆ ಏನಿದೆ ಅಂತ. ಇಲ್ಲ ಅಂತ ಐತ್ರಿ ಅಂದರು ಎಲ್ಲರೂ. ಒಳಗೆ ಹೋದವಳು ಹೌದು ಅಂತ ಬರೆದಿದ್ದಾಳಲ್ಲ ಅಂದರು ಅಕ್ಕೋರು. ಅದು ಒಳಗ್ರೀ ಅಂತ ಹುಡುಗರು ನಕ್ಕರು. ಆಗ ಅಕ್ಕೋರ ದನಿ ಕೇಳಿಸಿತು: "ಒಳಗ ಎಷ್ಟ ದೊಡ್ಡದಾಗಿ ಬರದ್ರೂ ಹೊರಗಿನವ್ರಿಗೆ ಕಾಣಂಗಿಲ್ಲ. ಹೊರಗಿನ ಹಲಗಿ ಬದಲಾಗಬೇಕಂದ್ರ, ಹೊರಗಿನ ಹಲಗಿ ಮ್ಯಾಲೆ ಬರೀತೇನಿ ಅಂತ ಬಾಯಿಬಿಟ್ಟ ಹೇಳಬೇಕು."

ಬ್ಯಾಟರಿಗಳ ಹುಳಿ ವಾಸನೆಯಲ್ಲಿ ಖಡು ಹಿಡಿದುಕೊಂಡು ನಿಂತಿದ್ದೆ. ಅಕ್ಕೋರು ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಬಾ ಅಂದರು. ನಾನು ತಲೆ ತಗ್ಗಿಸಿ ಹೊರಗೆ ಬಂದು ನನ್ನ ಜಾಗದಲ್ಲಿ ಕೂತೆ. ಅವರು ನನಗೆ ಒಂದು ದಾರಿ ತೆರೆದುಕೊಟ್ಟರೋ, ಇಲ್ಲ ಬರೀ ಪಾಠ ಮಾಡಿದರೋ... ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ತಪ್ಪು ಕಂಡಿದ್ದೂ ಕೈಕಟ್ಟಿ ಕಾಯುವುದು ಅವರ ರೂಢಿಯಾಗಿತ್ತಲ್ಲ.

ಅವರ ಕೆಲಸ ವರ್ಷವರ್ಷಕ್ಕೆ ಆರ್ಡರ್ ಬರುವಂಥದು. ಆ ಜೂನಿನಲ್ಲಿ ಆರ್ಡರ್ ಬರಲಿಲ್ಲ. ನನ್ನ ರಿಸಲ್ಟ್ ಬಂತು, ಮೊದಲ ದರ್ಜೆ. ವಾರದೊಳಗೆ ಪ್ರಿನ್ಸಿಪಾಲರು ಕರೆಸಿ ಲ್ಯಾಬ್ ನೋಡಿಕೊಳ್ಳುತ್ತೀಯಾ ಅಂತ ಕೇಳಿದರು. ಹೋಗುವ ಮುಂಚೆ ಅಕ್ಕೋರೇ ನನ್ನ ಹೆಸರು ಹೇಳಿ ಹೋಗಿದ್ದರಂತೆ. ನಾನು ಬೇಡ ಅನ್ನಲಿಲ್ಲ. ಅವರ ಸ್ಟೂಲಿನ ಮೇಲೆ ಕೂತು ಕಾಲೇಜು ಮುಚ್ಚುವ ತನಕ ಎರಡು ವರ್ಷ ಪಾಠ ಹೇಳಿದೆ, ಆಮೇಲೆ ಮುಂಡಗೋಡಕ್ಕೆ ಬಂದೆ.

ನಡುವೆ ಒಂದೇ ಸಲ ಸಿಕ್ಕಿದ್ದರು, ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ. ಮನೆಯಲ್ಲೇ ಸಣ್ಣ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದೇನೆ ಅಂದರು. ಸೊರಗಿದ್ದರು. ಲ್ಯಾಬಿನ ಕೊನೆ ಸಾಲಿನ ಮಷೀನು ಈಗಲೂ ಸದ್ದು ಮಾಡುತ್ತದೆಯೇ ಅಂತ ಕೇಳಿದರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಬಸ್ ಬಂತು ನೋಡು ಅಂದರು, ನನ್ನ ಬಸ್ಸು. ಹತ್ತಿಬಿಟ್ಟೆ. ಇನ್ನೊಂದು ಬಸ್ಸು ಅರ್ಧ ತಾಸಿಗೇ ಇತ್ತು...

ಈ ಸಲ ಯುಗಾದಿಗೆ ವಾರ ಮುಂಚೆ ಅಕ್ಕೋರು ತೀರಿಕೊಂಡರು. ಕಾಮಾಲೆ ಏರಿ ಧಾರವಾಡಕ್ಕೆ ಒಯ್ದಿದ್ದರಂತೆ. ನನಗೆ ತಿಳಿದದ್ದು ಐದಾರು ದಿನದ ಮೇಲೆ. ದಾಂಡೇಲಿಗೆ ಹೋದೆ. ಅವರ ಅಕ್ಕ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನನ್ನಿಂದ ತಡೆಯಲಾಗಲಿಲ್ಲ, ಕೂತವಳೇ ಎಲ್ಲವನ್ನೂ ಹೇಳಿದೆ. ಚೀಟಿ, ಪ್ರೋಗ್ರಾಮ್, ಅರ್ಧ ತೆರೆದ ಬಾಗಿಲು, ಎಲ್ಲ. ಅವರು ಕ್ಷಮಿಸುತ್ತಾರೆ ಅಂತ ಒಳಗೊಳಗೇ ಆಸೆ ಇತ್ತು.

ಅವರಿಗೆ ಏನೂ ಗೊತ್ತಿರಲಿಲ್ಲ. ತಂಗಿ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಅವರು ತಂಗಿಯ ಖಾಲಿ ಹಾಸಿಗೆಯ ಕಡೆ ನೋಡಿದರು.

"ಬೇಜವಾಬ್ದಾರಿಯಿಂದ ನೌಕರಿ ಕಳಕೊಂಡಿ ಅಂತ ಆರ್ ವರ್ಷ ಬೈದೇನಿ ಆಕಿನ್ನ. ದವಾಖಾನಿಗೆ ಒಯ್ಯೂ ದಿನಾನೂ ಬೈದೇನಿ," ಅಂದರು. ಆಮೇಲೆ ಹೇಳಿದರು, "ಇದನ್ನ ಆಕಿ ಇದ್ದಾಗ ಬಂದು ಹೇಳಬೇಕಿತ್ತವಾ ನೀನು."

ನನ್ನ ಎದೆಯ ಭಾರವನ್ನು ಒಯ್ದು ಅವರ ಮೇಲೆ ಹೇರಿದ್ದೆ. ಆದರೂ ಅವರು ಎದ್ದು ಚಹಾ ಮಾಡಿದರು. ಹೊರಡುವಾಗ ಒಂದು ಕಾಗದದಲ್ಲಿ ಫೋನ್ ನಂಬರ್ ಬರೆದುಕೊಟ್ಟರು. ಗೋವಾದಿಂದ ಒಬ್ಬ ಹುಡುಗಿ ಹಬ್ಬಕ್ಕೊಮ್ಮೆ ತಂಗಿಗೆ ಫೋನ್ ಮಾಡುತ್ತಿದ್ದಳು, ಯಾರೋ ಹಳೇ ವಿದ್ಯಾರ್ಥಿ ಅಂತ ತಿಳಿದಿದ್ದೆ, ಈಗ ಗೊತ್ತಾಯಿತು ಯಾರು ಅಂತ ಅಂದರು. ತೀರಿಕೊಂಡ ಸುದ್ದಿ ಅವಳಿಗೆ ತಿಳಿಸಬೇಕು, ಅದನ್ನು ನೀನೇ ತಿಳಿಸು ಅಂದರು.

ಆ ಕಾಗದ ಮೂರು ತಿಂಗಳು ನನ್ನ ಪರ್ಸಿನಲ್ಲೇ ಇತ್ತು. ಇವತ್ತು ಬೇಡ, ನಾಳೆ ಅಂದುಕೊಳ್ಳುತ್ತ ಬಂದೆ. ಹೋದ ವಾರ ಆ ನೀಲಗಿರಿ ಎಣ್ಣೆಯ ವಾಸನೆ ಬಂದ ಮೇಲೆ ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಫೋನ್ ಹಚ್ಚಿದೆ.

ಎರಡನೇ ರಿಂಗಿಗೇ ಎತ್ತಿದಳು. ನಾನು ಯಾರು ಅಂತ ಹೇಳಿದೆ, ಹಳಿಯಾಳದ ಕಾಲೇಜು ಅಂದೆ. ಅವಳಿಗೆ ಖುಷಿಯಾಯಿತು. ಯುಗಾದಿಗೆ ಫೋನ್ ಮಾಡಿದ್ದೆ, ಅಕ್ಕೋರ ಫೋನ್ ಹತ್ತಲಿಲ್ಲ, ನಂಬರ್ ಬದಲಾಗಿದೆಯೇ, ಅವರ ನೆಗಡಿ ಹೇಗಿದೆ ಅಂತ ಒಂದರ ಮೇಲೊಂದು ಕೇಳಿದಳು. ನಾನು ಸುದ್ದಿ ಹೇಳಿದೆ. ಆ ಕಡೆ ಎಲ್ಲೋ ಒಂದು ಮಗು ಅವಳನ್ನು ಕರೆಯುತ್ತಿತ್ತು. ಅವಳು ಅಳುತ್ತಿದ್ದಳು ಅಂತ ಸ್ವಲ್ಪ ಹೊತ್ತಿನ ಮೇಲೆ ನನಗೆ ತಿಳಿಯಿತು.

"ಪ್ರತೀ ಸಲ ಫೋನ್ ಇಡೂ ಮುಂಚೆ ತಪ್ಪಾತವಾ, ಕ್ಷಮಾ ಮಾಡು ಅಂತಿದ್ರು," ಅಂದಳು. "ನಾ ಇರ್ಲಿ ಬಿಡ್ರಿ ಅಕ್ಕೋರ ಅಂತಿದ್ದೆ. ಮತ್ತ ಮುಂದಿನ ಹಬ್ಬಕ್ಕೂ ಅದನ್ನ ಅಂತಿದ್ರು."

ಆಗ ನಾನು ಹೇಳಿದೆ. ತಪ್ಪು ಅಕ್ಕೋರದಲ್ಲ, ಪ್ರೋಗ್ರಾಮ್ ಬರೆದವಳು ನಾನು, ಚೀಟಿ ಹಿಡಿದಿದೆ ಅಂತ ನಿನಗೆ ಹೇಳಿದವಳೂ ನಾನೇ ಅಂದೆ. ನನ್ನನ್ನು ಕ್ಷಮಿಸು ಅಂದೆ.

ಅವಳು ಬೈಯಲಿಲ್ಲ. ಫೋನ್ ಇಡಲಿಲ್ಲ. ತಿಳಿದುಕೊಳ್ಳಬೇಕು ಅನ್ನುವ ದನಿಯಲ್ಲಿ, ಮೆಲ್ಲಗೆ ಕೇಳಿದಳು.

"ಮತ್ತ ಇಷ್ಟ ವರ್ಷ ಆ ಕ್ಷಮಾ ಅಕ್ಕೋರ ಬಾಯಿಂದ ಯಾಕ ಕೇಳಿಸಿದ್ರಿ?"

ಉತ್ತರಕ್ಕಾಗಿ ಅವಳು ಕಾದಳು. ಇಂಥ ಹೊತ್ತಿನಲ್ಲಿ ನನ್ನ ಬದಲಿಗೆ ಏನಾದರೂ ಹೇಳಿಬಿಡುತ್ತಿದ್ದವರು ಅಕ್ಕೋರೊಬ್ಬರೇ. ಅವರು ಈಗ ಇಲ್ಲ.